ಮನೆ ಕೊಳ್ಳುವ ಮುಂಚೆ ಮೇಸ್ತ್ರಿಗೆ ತೋರಿಸಿ

ಸಹೋದರಿಯರೇ, ಸೀರೆ ಕೊಳ್ಳುವಾಗಲೂ ಸೆರಗು ಬಿಚ್ಚಿ ನೋಡುವವರು ನಾವು. ಸಂಘದ ಸಾಲವನ್ನೂ ಸೇರಿಸಿ ಲಕ್ಷಗಟ್ಟಲೆ ಕೊಡುವ ಮನೆಯನ್ನು ಬರೀ ಹೊಸ ಬಣ್ಣ ನೋಡಿ ಒಪ್ಪಿಕೊಳ್ಳೋದು ಸರಿಯೇ?

ಬೆಂಗಳೂರಿನಲ್ಲಿ ಹಣ ಪಡೆದು ಮನೆ ತಪಾಸಣೆ ಮಾಡಿಕೊಡುವ ಕಂಪನಿಗಳೇ ಇವೆ. ಹೆಡತಲೆಯಂಥ ಊರಿಗೆ ನಂಬಿಕಸ್ಥ ಗಾರೆ ಮೇಸ್ತ್ರಿ ಸಾಕು, ತಾರಸಿ ಮನೆಯಾದರೆ ಒಬ್ಬ ಇಂಜಿನಿಯರ್ ಎನ್ನುವುದು ನಮ್ಮ ಅಭಿಪ್ರಾಯ. ಆದರೆ ಅವರು ಮಾರುವವರ ಕಡೆಯವರಾಗಿರಬಾರದು. ಕೂಲಿ ನೀವೇ ಕೊಡಿ. ಮುಂಗಡ ಕೊಡುವ ಮೊದಲೇ ತೋರಿಸಿ.

ಮುಖ್ಯವಾಗಿ ನೋಡಬೇಕಾದದ್ದು ಬಿರುಕು. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ. ಪಾಯ ಆಳವಿಲ್ಲದಿದ್ದರೆ ಗೋಡೆ ಸೀಳುತ್ತೆ. ಗಾರೆ ಮೇಲಿನ ಕೂದಲೆಳೆಯಷ್ಟು ಬಿರುಕಿಗೆ ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿ, ಒಳಗೂ ಹೊರಗೂ ಕಂಡರೆ ಪಾಯ ಕುಸಿದಿರಬಹುದು. ಅದರ ಮೇಲೆ ಕಾಗದದ ಪಟ್ಟಿ ಅಂಟಿಸಿ ತಿಂಗಳು ಬಿಟ್ಟು ನೋಡಿ. ಹರಿದಿದ್ದರೆ ಬಿರುಕು ಇನ್ನೂ ಬೆಳೀತಿದೆ ಅಂತ. ತಾರಸಿ ಅಡಿಯಲ್ಲಿ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಂಡರೆ ಖರ್ಚು ದೊಡ್ಡದು. ಹೆಂಚಿನ ಮನೆಯಾದರೆ ತೊಲೆಗಳನ್ನು ಕುಟ್ಟಿಸಿ ನೋಡಿ. ಗೆದ್ದಲು ತಿಂದ ಮರ ಟೊಳ್ಳು ಸದ್ದು ಕೊಡುತ್ತೆ.

ನಂಜನಗೂಡಿನಲ್ಲಿ ಹೊಳೆ ಹತ್ತಿರದ ಮನೆಯೇ? 2018, 2019ರ ಕಪಿಲೆಯ ನೆರೆ ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದ ಹೆಂಗಸರನ್ನೇ ಕೇಳಿ. ಮಾರುವವರು ತಾವಾಗಿ ಹೇಳೋದಿಲ್ಲ.

ಕಾಗದಪತ್ರ ಮೇಸ್ತ್ರಿಯ ಕೆಲಸವಲ್ಲ. ಹಳ್ಳಿಯ ಮನೆಗೆ ಪಂಚಾಯ್ತಿಯ ಇ-ಸ್ವತ್ತು ಖಾತೆ ನೋಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ.

ದೋಷ ಸಿಕ್ಕಿತೆಂದು ಮನೆ ಬಿಡಲೇಬೇಕೆಂದಿಲ್ಲ. ರಿಪೇರಿಗೆ ಎಷ್ಟಾಗುತ್ತೆಂದು ಮೇಸ್ತ್ರಿಯಿಂದ ಬರೆಸಿಕೊಂಡು, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿ.