ಸೇತುವೆಗೆ ಹಿಮದ ಹಾಸು

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಮನೆಮನೆಯ ಯಜಮಾನನೂ ಸಲಿಕೆ ಹಿಡಿದು ಬಾಗಿಲ ಮುಂದಿನ ಹಿಮವನ್ನು ಆಚೆಗೆ ತಳ್ಳುವುದು ನಿತ್ಯದ ಕೆಲಸ. ಊರಿಗೆ ಊರೇ ಹೀಗೆ ಹಿಮವನ್ನು ಹೊರಹಾಕುತ್ತಿರುವಾಗ, ಒಬ್ಬನು ಮಾತ್ರ ಅದೇ ಹಿಮವನ್ನು ಬಂಡಿಯಲ್ಲಿ ಹೇರಿ ತಂದು ಒಂದು ಮಾಡಿನ ಕೆಳಗೆ ಹಾಸುತ್ತಿದ್ದನೆಂದರೆ, ಅದಕ್ಕಾಗಿ ಊರಿನ ಬೊಕ್ಕಸದಿಂದ ಕೂಲಿಯನ್ನೂ ಪಡೆಯುತ್ತಿದ್ದನೆಂದರೆ, ಕೇಳಿದವರಿಗೆ ನಗು ಬರುವುದು ಸಹಜವೇ. ಆದರೆ ಇದು ಕಟ್ಟುಕಥೆಯಲ್ಲ. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್ ರಾಜ್ಯಗಳಲ್ಲಿ 19ನೆಯ ಶತಮಾನದಲ್ಲಿ ಇಂಥದೊಂದು ಉದ್ಯೋಗವಿದ್ದಿತು. ಸೇತುವೆಗೆ ಹಿಮ ಹಾಸುವುದೇ ಆ ಉದ್ಯೋಗ.

ಅಲ್ಲಿನ ಹಳೆಯ ಸೇತುವೆಗಳು ಮರದವು. ಅವುಗಳ ಮೇಲೆ ಮನೆಗಿರುವಂತೆ ಇಳಿಜಾರಾದ ಮಾಡು, ಎರಡು ಪಕ್ಕಗಳಲ್ಲಿ ಹಲಗೆಯ ಗೋಡೆ. ಹಿಮ ಒಳಗೆ ಬೀಳದಿರಲೆಂದು ಮಾಡನ್ನು ಕಟ್ಟಿದರೆಂದು ಭಾವಿಸುವವರುಂಟು. ನಿಜವಾದ ಕಾರಣ ಬೇರೆ. ಮರದ ಸೇತುವೆಯ ಬಲವೆಲ್ಲವೂ ಪಕ್ಕಗಳಲ್ಲಿ ಓರೆಯಾಗಿ ಹೆಣೆದು ನಿಲ್ಲಿಸಿದ ತೊಲೆಗಳ ಚೌಕಟ್ಟಿನಲ್ಲಿದೆ. ಮಳೆಗೂ ಬಿಸಿಲಿಗೂ ಬಿಟ್ಟರೆ ಆ ತೊಲೆಗಳು ಕೂಡುವೆಡೆಯಲ್ಲಿ ನೀರು ನಿಂತು ಕೆಲವೇ ವರ್ಷಗಳಲ್ಲಿ ಕೊಳೆಯುತ್ತವೆ. ಮಾಡು ಹೊದಿಸಿದರೆ ನೂರು ವರ್ಷಕ್ಕೂ ಮೀರಿ ಬಾಳುತ್ತವೆ. ನಮ್ಮ ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನೆಕ್ಟಿಕಟ್ ನದಿಯ ಮೇಲೆ ಕಾರ್ನಿಷ್ ಮತ್ತು ವಿಂಡ್ಸರ್ ಊರುಗಳನ್ನು ಕೂಡಿಸುವ 449 ಅಡಿ ಉದ್ದದ ಸೇತುವೆ 1866ರಲ್ಲಿ ಕಟ್ಟಿದ್ದು, ಇಂದಿಗೂ ನಿಂತಿದೆ. ಅದರ ಬಾಗಿಲ ಮೇಲೊಂದು ಫಲಕವಿದೆ: ಕುದುರೆಯನ್ನು ನಡೆಸಿಕೊಂಡು ಹೋಗತಕ್ಕದ್ದು, ತಪ್ಪಿದರೆ ಎರಡು ಡಾಲರು ದಂಡ. ಅಂದಿನ ಎರಡು ಡಾಲರು ಕೂಲಿಕಾರನ ಒಂದು ದಿನದ ದುಡಿಮೆಗಿಂತ ಕಡಿಮೆಯದೇನಲ್ಲ. ಸೇತುವೆಯ ಮೇಲೆ ಅವಸರ ಕೂಡದೆಂಬ ಕಟ್ಟಳೆ ಅಷ್ಟು ಹಳೆಯದು.

ಹಾಗಾದರೆ ಹಿಮವೇಕೆ? ಮೋಟಾರು ಬರುವ ಮುನ್ನ ಅಲ್ಲಿನ ಚಳಿಗಾಲದ ಸಂಚಾರವೆಲ್ಲ ಕುದುರೆ ಎಳೆಯುವ ಚಕ್ರವಿಲ್ಲದ ಬಂಡಿಗಳಲ್ಲಿ. ಚಕ್ರದ ಬದಲು ಅವುಗಳಿಗೆ ಕಬ್ಬಿಣದ ಪಟ್ಟಿ ಬಡಿದ ಎರಡು ಜಾರುಪಟ್ಟಿಗಳು. ಆದುದರಿಂದ ರಸ್ತೆಯ ಹಿಮವನ್ನು ಯಾರೂ ತೆಗೆಯುತ್ತಿರಲಿಲ್ಲ; ಮರದ ದೊಡ್ಡ ಉರುಳೆಗಳನ್ನು ಕುದುರೆಗಳಿಂದ ಎಳೆಸಿ ಅದನ್ನು ಗಟ್ಟಿಯಾಗಿ ಒತ್ತುತ್ತಿದ್ದರು. ಮರದ ದಿಮ್ಮಿ ಹೇರಿದ ಬಂಡಿಯೊಂದು ಇಂಥ ಹಾದಿಯಲ್ಲಿ ಬೆಣ್ಣೆಯ ಮೇಲೆ ಕತ್ತಿ ಆಡಿದಂತೆ ಸರಾಗವಾಗಿ ಬಂದು ಸೇತುವೆಯ ಬಾಗಿಲು ಹೊಕ್ಕಿತೆನ್ನಿ. ಒಳಗೆ ಬರಿಯ ಹಲಗೆ. ಕಬ್ಬಿಣ ಹಲಗೆಯನ್ನು ಕಚ್ಚಿ ಹಿಡಿಯುತ್ತದೆ, ಕುದುರೆ ಏದುಸಿರು ಬಿಡುತ್ತದೆ, ಹೇರು ನಡುವೆಯೇ ನಿಲ್ಲುತ್ತದೆ. ಹಲಗೆಯೂ ಕೆಡುತ್ತದೆ, ಕುದುರೆಯೂ ಕೆಡುತ್ತದೆ. ಇದನ್ನು ತಪ್ಪಿಸಲೆಂದೇ ಊರಿನವರು ಒಬ್ಬನನ್ನು ಗೊತ್ತುಮಾಡಿ ಸೇತುವೆಯ ಉದ್ದಕ್ಕೂ ಹಿಮ ಹಾಸಿಸುತ್ತಿದ್ದರು. ಕರಗಿದಾಗ ಮತ್ತೆ ಹಾಸಿಸುತ್ತಿದ್ದರು.

ಈ ಕೆಲಸಗಾರರ ಚಿತ್ರಗಳನ್ನು ಬರೆದವರಿಲ್ಲ, ಅವರ ಹೆಸರಿನಲ್ಲಿ ಕಲ್ಲು ನೆಟ್ಟವರಿಲ್ಲ. ಅವರ ಸುದ್ದಿ ನಮಗೆ ತಿಳಿದಿರುವುದು ಬಹುಮಟ್ಟಿಗೆ ಊರಿನ ಲೆಕ್ಕದ ಪುಸ್ತಕಗಳಿಂದ. ಸೇತುವೆಗೆ ಹಿಮ ಹಾಸಿದ್ದಕ್ಕೆ ಇಂಥವನಿಗೆ ಇಷ್ಟು ಎಂದು ಯಾವನೋ ಗುಮಾಸ್ತನು ಖರ್ಚು ಬರೆದಿಟ್ಟನು. ಅಷ್ಟರಿಂದಲೇ ಒಂದು ಉದ್ಯೋಗದ ನೆನಪು ಉಳಿಯಿತು. ದಿನವಿಡೀ ಖಾತೆಕಿರ್ದಿಗಳ ಮುಂದೆ ಕುಳಿತು ಕಣ್ಣು ಸವೆಸಿಕೊಳ್ಳುವ ನಮ್ಮ ಓದುಗರಿಗೆ ಇದು ಸಮಾಧಾನದ ಸಂಗತಿಯಾಗಬಹುದೆಂದು ಇಲ್ಲಿ ಹೇಳಿದೆವು.

ಮುಂದೆ ಮೋಟಾರು ಬಂದಿತು, ರಸ್ತೆಯ ಹಿಮವನ್ನು ಯಂತ್ರದಿಂದ ತೆಗೆಯುವ ಪದ್ಧತಿ ಬಂದಿತು, ಹಿಮ ಹಾಸುವವನ ಕೆಲಸ ಹೋಯಿತು. ಅದು ಮರಳಿ ಬಂದದ್ದು ಮತ್ತೊಂದು ವಾಹನದ ದೆಸೆಯಿಂದ. ಗುಲ್ಮಾರ್ಗಕ್ಕೆ ಪ್ರವಾಸ ಹೋದವರು ಅದನ್ನು ಕಂಡಿರಬಹುದು, ಹಣ ಕೊಟ್ಟು ಏರಿಯೂ ಇರಬಹುದು. ಸ್ನೋಮೊಬೈಲ್ ಎಂದು ಅದರ ಹೆಸರು, ಹಿಮವಾಹನವೆಂದು ಕರೆಯೋಣ.

ಈ ವಾಹನದ ಹುಟ್ಟಿನ ಹಿಂದೆ ಒಂದು ದುಃಖವಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್‌ಕೂರ್ ಎಂಬ ಊರಿನಲ್ಲಿ 1907ರಲ್ಲಿ ಹುಟ್ಟಿದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬಾತನು ಮೋಟಾರು ರಿಪೇರಿಯ ಕಸುಬಿನವನು. ಹಿಮದ ಮೇಲೆ ಓಡುವ ಬಂಡಿಯೊಂದನ್ನು ಮಾಡಬೇಕೆಂಬ ಹಂಬಲ ಅವನಿಗೆ ಹದಿನೈದರ ಹರೆಯದಿಂದಲೇ ಇದ್ದಿತು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಗಂಡುಮಗುವಿಗೆ ಹೊಟ್ಟೆಯೊಳಗೆ ಕೀವಾಗಿ ಕಾಯಿಲೆ ವಿಷಮಿಸಿತು. ಆಸ್ಪತ್ರೆಯಿದ್ದದ್ದು ದೂರದಲ್ಲಿ, ರಸ್ತೆಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದವು. ಮಗು ಉಳಿಯಲಿಲ್ಲ. ಆ ಬಳಿಕ ಅವನು ಹಲ್ಲಿನ ಚಕ್ರದಿಂದ ರಬ್ಬರಿನ ಪಟ್ಟಿಯನ್ನು ತಿರುಗಿಸುವ ಏರ್ಪಾಡನ್ನು ಸಿದ್ಧಪಡಿಸಿ, 1937ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಏಳು ಜನರು ಕೂರುವ ಅವನ ಮೊದಲ ಬಂಡಿಗಳನ್ನು ಕೊಂಡವರಲ್ಲಿ ಹಳ್ಳಿಯ ವೈದ್ಯರೂ ಇದ್ದರು. 1948ರಲ್ಲಿ ಪ್ರಾಂತದ ಸರಕಾರವು ರಸ್ತೆಗಳ ಹಿಮವನ್ನು ತೆಗೆಯತಕ್ಕದ್ದೆಂದು ವಿಧಿಸಿದಾಗ ಅವನ ವ್ಯಾಪಾರಕ್ಕೆ ಬಲವಾದ ಪೆಟ್ಟು ಬಿದ್ದಿತು. 1959ರಲ್ಲಿ ಸ್ಕಿ-ಡೂ ಎಂಬ ಹೆಸರಿನಿಂದ ಸಣ್ಣ ಬಂಡಿಯನ್ನು ಹೊರತಂದನು. ದೂರದ ಹಿಮಪ್ರದೇಶಗಳಲ್ಲಿ ಓಡಾಡಬೇಕಾದವರಿಗೆಂದು ಮಾಡಿದ ಈ ಬಂಡಿ ಬಲುಬೇಗ ವಿನೋದಪ್ರಿಯರ ಕೈಸೇರಿತು. 1964ರಲ್ಲಿ ಅವನು ತೀರಿಕೊಂಡಾಗ ತನ್ನ ಬಂಡಿ ಆಟದ ಸಾಧನವಾಗಿ ಖಂಡವೆಲ್ಲ ಹಬ್ಬುವುದನ್ನು ಅರ್ಧ ಮಾತ್ರ ಕಂಡಿದ್ದನು.

ಈಗಿನ ಹಿಮವಾಹನವು ಇನ್ನೂರರಿಂದ ಮುನ್ನೂರು ಕಿಲೋ ತೂಗುತ್ತದೆ. ಮುಂದೆ ಎರಡು ಜಾರುಪಟ್ಟಿ. ತಿರುವಿನಲ್ಲಿ ಹಿಡಿತ ಸಿಗಲೆಂದು ಅವುಗಳ ಅಡಿಯಲ್ಲಿ ಗರಗಸದ ಅಲಗಿಗೆ ಬಳಸುವಂಥ ಕಾರ್ಬೈಡ್ ಲೋಹದ ಚೂಪಾದ ಅಂಚು. ಹಿಂದೆ ರಬ್ಬರಿನ ಪಟ್ಟಿ. ಮಂಜುಗಡ್ಡೆಯ ಮೇಲೆ ಜಾರದಿರಲೆಂದು ಕೆಲವರು ಅದಕ್ಕೆ ಮೊಳೆಗಳನ್ನು ಕೂಡಿಸಿಕೊಳ್ಳುತ್ತಾರೆ. ಈ ಪಟ್ಟಿ ಪ್ಲಾಸ್ಟಿಕ್ಕಿನ ಎರಡು ಉದ್ದನೆಯ ಕಂಬಿಗಳ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಇಲ್ಲಿ ಗಮನಿಸಬೇಕಾದದ್ದೊಂದುಂಟು. ಆ ಉಜ್ಜುವಿಕೆಗೆ ಎಣ್ಣೆಯಿಲ್ಲ; ಪಟ್ಟಿ ಎರಚುವ ಹಿಮವೇ ಎಣ್ಣೆ. ಎಂಜಿನ್ನಿನಲ್ಲಿ ಕಾಯ್ದ ನೀರು ಬಂಡಿಯ ಹೊಟ್ಟೆಯ ಕೆಳಗಿನ ತಗಡಿನಲ್ಲಿ ಹರಿಯುತ್ತದೆ. ಅದನ್ನು ತಣಿಸುವುದೂ ಹಾಗೆ ಎರಚಿದ ಹಿಮವೇ. ಬರಿನೆಲದ ಮೇಲೆ ಹಿಮವಾಹನವೆಂದರೆ ನೀರಿಲ್ಲದ ಪಾತ್ರೆಯನ್ನು ಉರಿಯ ಮೇಲಿಟ್ಟಂತೆ. ಅಡಿಗೆಮನೆಯಲ್ಲಿ ದುಡಿದವರಿಗೆ ಮುಂದಿನದು ಗೊತ್ತು: ನೀರು ಕುದಿಯುತ್ತದೆ, ಪ್ಲಾಸ್ಟಿಕ್ಕು ಕರಗಿ ಅಂಟುತ್ತದೆ.

ಹಿಮ ಹಾಸದ ಸೇತುವೆಯನ್ನು ಇಂಥ ಬಂಡಿ ಹೊಕ್ಕಾಗ ಬಂಡಿಗೆ ಆಗುವ ನಷ್ಟ ಒಡೆಯನದು. ಅದನ್ನು ಅವನೇ ಅನುಭವಿಸಲಿ. ಸೇತುವೆಗೆ ಆಗುವುದೇನು? ಕಾರ್ಬೈಡಿನ ಅಂಚು ಹಲಗೆಯನ್ನು ನೇಗಿಲಿನಂತೆ ಗೀರುತ್ತದೆ. ಮೊಳೆಗಳು ಚಕ್ಕೆ ಎಬ್ಬಿಸುತ್ತವೆ. ಗೀರಿನಲ್ಲಿ ನೀರು ನಿಂತು ಕೊಳೆತ ಆರಂಭವಾಗುತ್ತದೆ. ಮಾಡು ಕಟ್ಟಿ ಯಾವುದನ್ನು ತಡೆದರೋ ಅದಕ್ಕೇ ನೆಲದಿಂದ ದಾರಿ ಮಾಡಿಕೊಟ್ಟಂತಾಯಿತು. ಸವಾರನಿಗೂ ಅಪಾಯ ತಪ್ಪಿದ್ದಲ್ಲ. ಹಲಗೆಯ ಮೇಲೆ ಜಾರುಪಟ್ಟಿ ಹೇಳಿದಂತೆ ತಿರುಗುವುದಿಲ್ಲ, ಹಲಗೆಗಳ ಸಂದಿಯಲ್ಲಿ ಅಂಚು ಸಿಕ್ಕಿಕೊಳ್ಳಬಹುದು. ಮಾಡಿಲ್ಲದ ಸೇತುವೆಗಳಾದರೂ ಮೇಲಲ್ಲ. ಅಲ್ಲಿ ಬಿದ್ದ ಹಿಮವನ್ನು ಗಾಳಿ ಗುಡಿಸಿಕೊಂಡು ಹೋಗುತ್ತದೆ. ಅಡಿಯಿಂದಲೂ ಚಳಿ ತಾಗುವುದರಿಂದ ಹಾದಿ ಇನ್ನೂ ಮೆತ್ತಗಿರುವಾಗಲೇ ಸೇತುವೆಯ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿರುತ್ತದೆ.

ಈ ಹಾದಿಗಳು ಯಾರವು? ವಿಷಯದ ತಿರುಳಿರುವುದು ಈ ಪ್ರಶ್ನೆಯಲ್ಲಿ. ವರ್ಮಾಂಟಿನಲ್ಲಿ 1967ರಲ್ಲಿ ಸ್ಥಾಪಿತವಾದ ಹಿಮಪ್ರಯಾಣಿಕರ ಸಂಘವೊಂದಿದೆ. ಊರೂರಿನ ಸಣ್ಣ ಸಂಘಗಳು ಅದರೊಳಗೆ ಸೇರಿವೆ. ಅವು ನೋಡಿಕೊಳ್ಳುವ ಸಾವಿರಾರು ಮೈಲು ಹಾದಿಯ ಬಹುಪಾಲು ಖಾಸಗಿ ಜಮೀನಿನ ಮೇಲೆ ಹೋಗುತ್ತದೆ. ರೈತನ ಹುಲ್ಲುಗಾವಲು, ಮತ್ತೊಬ್ಬನ ಮೇಪಲ್ ತೋಪು, ಮಗದೊಬ್ಬನ ಮನೆಯ ಹಿತ್ತಿಲು. ಇವರೆಲ್ಲರ ಒಪ್ಪಿಗೆಯ ಮೇಲೆ ಹಾದಿ ನಿಂತಿದೆ. ಹಾದಿ ತೆರೆಯುವುದು ಡಿಸೆಂಬರ್ 16ರಂದು, ಅದೂ ಹಿಮ ಸಾಕಷ್ಟಿದ್ದರೆ ಮಾತ್ರ. ಅದಕ್ಕೆ ಮುನ್ನ ಒಬ್ಬ ಆತುರಗಾರ ನುಗ್ಗಿ ಹುಲ್ಲಿನ ಬೇರು ಕಿತ್ತನೆಂದರೆ, ಸೇತುವೆಯ ಹಲಗೆ ಕೆಡಿಸಿದನೆಂದರೆ, ಜಮೀನಿನವನು ಬೇಲಿಯ ಬಾಗಿಲಿಗೆ ಬೀಗ ಹಾಕುತ್ತಾನೆ. ಸರಪಣಿಯ ಒಂದು ಕೊಂಡಿ ಬಿಟ್ಟರೆ ಊರಿಂದೂರಿಗೆ ಹೋಗುವ ಹಾದಿಯೇ ತುಂಡಾಗುತ್ತದೆ. ಸವಾರರನ್ನು ನಂಬಿಕೊಂಡ ಬೆಟ್ಟದೂರಿನ ಊಟದ ಅಂಗಡಿ, ವಸತಿಗೃಹ, ಪೆಟ್ರೋಲ್ ಬಂಕುಗಳವರಿಗೆ ಆ ವರ್ಷದ ಚಳಿಗಾಲ ಬರಿಗೈ. ಒಬ್ಬನ ಒಂದು ನಿಮಿಷದ ಮೋಜಿಗೆ ಬೆಲೆ ತೆರುವವರು ಬಂಡಿಯನ್ನೇ ಏರದ ಮಂದಿ.

ಅದೇ ರಾಜ್ಯದ ವುಲ್‌ಕಾಟ್ ಎಂಬಲ್ಲಿ ಲಮೋಯ್ಲ್ ನದಿಯ ಮೇಲೆ 1908ರಲ್ಲಿ ರೈಲಿಗಾಗಿ ಕಟ್ಟಿದ ಮಾಡಿನ ಸೇತುವೆಯೊಂದಿದೆ, ಹೆಸರು ಫಿಷರ್. ಎಂಜಿನ್ನಿನ ಹೊಗೆ ಹೊರಹೋಗಲೆಂದು ಅದರ ಮಾಡಿನ ನೆತ್ತಿಯುದ್ದಕ್ಕೂ ಕಂಡಿ ಬಿಟ್ಟು ಮೇಲೆ ಮತ್ತೊಂದು ಪುಟ್ಟ ಮಾಡು ಕಟ್ಟಿದ್ದಾರೆ. ರೈಲು ನಿಂತುಹೋದ ಮೇಲೆ ಆ ಮಾರ್ಗವನ್ನು 93 ಮೈಲು ಉದ್ದದ ಹಾದಿಯಾಗಿ ಮಾರ್ಪಡಿಸಿದ್ದಾರೆ. ಬೇಸಗೆಯಲ್ಲಿ ಕಾಲ್ನಡಿಗೆಯವರು, ಸೈಕಲಿನವರು, ಚಳಿಗಾಲದಲ್ಲಿ ಹಿಮವಾಹನಗಳು. ಇಂಥ ಮಾಡಿನಡಿಗೆ ಆಕಾಶವು ಹಿಮವನ್ನು ಕೊಡುವುದಿಲ್ಲ. ಮನುಷ್ಯನೇ ಹೊತ್ತು ಹಾಕಬೇಕು.

ಆತುರವೆಲ್ಲವೂ ತಪ್ಪೆಂದು ನಾವು ಹೇಳುತ್ತಿಲ್ಲ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಹಾರ್ಟ್‌ಲೆಂಡಿನಲ್ಲಿ 1,282 ಅಡಿ ಉದ್ದದ ಸೇತುವೆಯಿದೆ. ಮಾಡಿನ ಸೇತುವೆಗಳಲ್ಲಿ ಜಗತ್ತಿಗೇ ಉದ್ದವಾದುದು. 1901ರ ಜುಲೈಯಲ್ಲಿ ಅದರ ಉದ್ಘಾಟನೆಯೆಂದು ಗೊತ್ತಾಗಿತ್ತು. ಮೇ ತಿಂಗಳಲ್ಲಿಯೇ ಎಸ್ಟಿ ಎಂಬ ವೈದ್ಯರಿಗೆ ಆಚೆದಡದಿಂದ ತುರ್ತು ಕರೆ ಬಂದಿತು. ಕೆಲಸಗಾರರು ಬಿಡಿ ಹಲಗೆಗಳನ್ನು ಹಾಸಿ ಅವರ ಬಂಡಿಯನ್ನು ದಾಟಿಸಿದರು. ಆ ಸೇತುವೆಯನ್ನು ಮೊದಲು ದಾಟಿದವರು ಅವರೇ. ಗಮನಿಸಿ: ವೈದ್ಯರು ನುಗ್ಗಲಿಲ್ಲ, ಹಲಗೆ ಹಾಸುವವರು ಹಾಸಿಕೊಟ್ಟ ಮೇಲೆ ದಾಟಿದರು. ಅಂದಹಾಗೆ, ಅದಕ್ಕೆ ಮಾಡು ಬಂದದ್ದು 1922ರ ಹೊತ್ತಿಗೆ. ಕತ್ತಲೆಯಲ್ಲಿ ಹರೆಯದವರ ನಡತೆ ಕೆಟ್ಟೀತೆಂದು ಹಿರಿಯರು ಆಗ ಆಕ್ಷೇಪಿಸಿದ್ದರಂತೆ. ಎಲ್ಲ ದೇಶದ ಹಿರಿಯರೂ ಒಂದೇ.

ಇತ್ತೀಚೆಗೆ ಆತುರಕ್ಕೆ ಹೊಸದೊಂದು ಕಾರಣ ಕೂಡಿಕೊಂಡಿದೆ. ಚಳಿಗಾಲ ಕುಗ್ಗುತ್ತಿದೆ. 2023-24ರ ಚಳಿಗಾಲವು ಅಮೆರಿಕದಲ್ಲಿ ದಾಖಲೆಯಲ್ಲಿರುವ ಅತ್ಯಂತ ಬೆಚ್ಚನೆಯ ಚಳಿಗಾಲ. ಅನೇಕ ಕಡೆ ಹಾದಿಗಳು ಕೆಲವೇ ದಿನ ತೆರೆದು ಮುಚ್ಚಿದವು, ಕೆಲವೆಡೆ ತೆರೆಯಲೇ ಇಲ್ಲ. ವರ್ಷವಿಡೀ ಕಾದು, ಸಾಲ ಮಾಡಿ ಬಂಡಿ ಕೊಂಡವನು ಮೊದಲ ಹಿಮ ಕಂಡೊಡನೆ ಚಡಪಡಿಸುವುದು ನಮಗೆ ಅರ್ಥವಾಗುತ್ತದೆ. ಆದರೆ ಹಿಮ ತೆಳುವಾದಷ್ಟೂ ಸೇತುವೆಗೆ ಹಾಸುವ ಕೆಲಸ ಹೆಚ್ಚು. ಹಾಸಿದ್ದೂ ಬೇಗನೆ ಕರಗುತ್ತದೆ. ಆ ಕೆಲಸ ಮಾಡುವವರಾದರೋ ಸಂಬಳದವರಲ್ಲ. ಹಗಲು ತಮ್ಮ ತಮ್ಮ ಉದ್ಯೋಗ ಮುಗಿಸಿ ಸಂಜೆ ಸಲಿಕೆ ಹಿಡಿದು ಬರುವ ಸಂಘದ ಸದಸ್ಯರು. ಅಂಗಡಿಯ ಬಾಗಿಲು ತೆರೆಯುವ ಮುನ್ನ ನಸುಕಿನಲ್ಲಿಯೇ ಎದ್ದು ನೆಲ ತೊಳೆದು, ಮೇಜು ಒರೆಸಿ, ಒಲೆ ಹೊತ್ತಿಸುವ ನಮ್ಮ ಹುಡುಗರು ಯಾರಿಗೂ ಕಾಣುವುದಿಲ್ಲವಷ್ಟೆ. ಏಳು ಗಂಟೆಗೆ ಬಂದ ಗಿರಾಕಿಗೆ ಎಲ್ಲವೂ ತಾನಾಗಿ ಸಿದ್ಧವಾಗಿದ್ದಂತೆಯೇ ತೋರುತ್ತದೆ. ಇವರದೂ ಅದೇ ಪಾಡು.

ಹಾಸುವ ಕ್ರಮವೂ ಸುಲಭವಲ್ಲ. ಪಕ್ಕದ ಕಾಡಿನಂಚಿನಿಂದ, ಕಲ್ಲುಮಣ್ಣು ಸೇರದ ಹಿಮವನ್ನು ಆರಿಸಿ ತರಬೇಕು. ಕೆಲವೆಡೆ ಹಾದಿ ಸಮಮಾಡುವ ಯಂತ್ರವು ತನ್ನ ಮುಂದಿನ ಹಲಗೆಯಿಂದ ಹಿಮವನ್ನು ದೂಡಿ ತರುತ್ತದೆ. ಯಂತ್ರದ ಭಾರವನ್ನು ತಾಳಲಾರದ ಸೇತುವೆಗಳಿಗೆ ಸಲಿಕೆಯೇ ಗತಿ. ಗೋಡೆಯಿಂದ ಗೋಡೆಗೆ ಹರಡಿ, ತುಳಿದು, ಎರಡು ಬಾಗಿಲುಗಳ ಬಳಿ ಸ್ವಲ್ಪ ದಪ್ಪವಾಗಿ ಹಾಕುತ್ತಾರೆ. ಬಂಡಿಗಳು ವೇಗ ತಗ್ಗಿಸುವುದೂ ಹೆಚ್ಚಿಸುವುದೂ ಅಲ್ಲಿಯೇ. ಆಗ ತಾನೇ ಹಾಸಿದ ಹಿಮ ಪುಡಿಯಾಗಿರುತ್ತದೆ. ಮೊದಲ ಬಂಡಿಯೇ ಅದನ್ನೆಲ್ಲ ಎರಚಿ ಹಲಗೆಯನ್ನು ಬಯಲು ಮಾಡಬಲ್ಲದು. ರಾತ್ರಿಯ ಚಳಿಯಲ್ಲಿ ಕೆಲವು ಗಂಟೆ ಅಲುಗದೆ ಬಿದ್ದಿದ್ದರೆ ಕಣಕ್ಕೆ ಕಣ ಕೂಡಿ ಗಟ್ಟಿಯಾಗುತ್ತದೆ. ಆದುದರಿಂದ ಸಂಘದವರು ಈ ಕೆಲಸವನ್ನು ಆದಷ್ಟು ಮಟ್ಟಿಗೆ ಕತ್ತಲಾದ ಮೇಲೆ ಮಾಡುತ್ತಾರೆ. ಹಾಸಿ ಮುಗಿಸಿದವರು ಸಲಿಕೆಗಳನ್ನು ಗೋಡೆಗೆ ಒರಗಿಸಿ, ದೀಪ ಆರಿಸಿ, ತಾವೂ ದಾಟದೆ ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ.