ಇರುಳಿನ ಗಾಳಿಯೂ ನಮ್ಮ ತಗಡಿನ ಮಾಡೂ

2024ರ ಮೇ 13ರ ಸಂಜೆ ಮುಂಬಯಿಯ ಮೇಲೆ ಧೂಳೆಬ್ಬಿಸಿ ಬೀಸಿದ ಬಿರುಗಾಳಿಯನ್ನು ವಾಶಿ, ಠಾಣೆ, ಡೊಂಬಿವಲಿಗಳ ನಮ್ಮ ಬಾಂಧವರು ಮರೆತಿರಲಾರರು. ಘಾಟಕೋಪರದಲ್ಲಿ 120 ಅಡಿ ಉದ್ದಗಲದ ಜಾಹೀರಾತು ಫಲಕವೊಂದು ಪೆಟ್ರೋಲ್ ಪಂಪಿನ ಮೇಲೆ ಉರುಳಿ 17 ಮಂದಿ ಅಸುನೀಗಿದರು. ಮಹಾನಗರಪಾಲಿಕೆಯ ನಿಯಮದಂತೆ ಫಲಕವು 40 ಅಡಿಯನ್ನು ಮೀರತಕ್ಕದ್ದಲ್ಲ. ಗಾಳಿ ಬೀಸಿದ್ದು ನಿಜ. ಆದರೆ ಕೊಂದದ್ದು ಗಾಳಿಯೊಂದೇ ಅಲ್ಲ.

ಅದು ಸುಂಟರಗಾಳಿಯಾಗಿರಲಿಲ್ಲ. ಗುಡುಗುಮೋಡದ ಮಳೆಹನಿಗಳು ನಡುದಾರಿಯಲ್ಲಿ ಆವಿಯಾಗಿ ಗಾಳಿಯನ್ನು ತಣಿಸುತ್ತವೆ. ತಣಿದು ಭಾರವಾದ ಆ ಗಾಳಿ ನೆಲಕ್ಕೆ ಬಿದ್ದು ಸುತ್ತಲೂ ನುಗ್ಗುತ್ತದೆ. ಸುಂಟರಗಾಳಿಯ ರೀತಿ ಬೇರೆ. ಮೇಲೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುವಲ್ಲಿ, ಮೋಡದೊಳಗೆ ಏರುವ ಗಾಳಿಯು ಬುಗುರಿಯಂತೆ ತಿರುಗಿ, ಕಂಬವಾಗಿ ನೆಲ ಮುಟ್ಟುತ್ತದೆ. ನಮ್ಮ ದೇಶದಲ್ಲಿ ಇದು ವಿರಳವೇ ಹೊರತು ಇಲ್ಲವೆನ್ನುವಂತಿಲ್ಲ. 1978ರ ಮಾರ್ಚ್ 17ರಂದು ಉತ್ತರ ದಿಲ್ಲಿಯಲ್ಲಿ ಅದು ಕೆಲವೇ ನಿಮಿಷಗಳಲ್ಲಿ 28 ಜೀವಗಳನ್ನು ಬಲಿ ತೆಗೆದುಕೊಂಡಿತು.

ಇರುಳಿನಲ್ಲಿ ಬಂದರಂತೂ ಕಣ್ಣಿಗೆ ಕಾಣದು. ಮಲಗಿದವನಿಗೆ ಎಚ್ಚರಿಕೆಯ ಕೂಗೂ ಕೇಳಿಸದು. 2021ರ ಡಿಸೆಂಬರ್ 10ರ ರಾತ್ರಿ ಅಮೆರಿಕದ ಕೆಂಟಕಿ ಸಂಸ್ಥಾನದ ಮೇಫೀಲ್ಡ್ ಪಟ್ಟಣಕ್ಕೆ ಗಂಟೆಗೆ 300 ಕಿಲೋಮೀಟರಿನಷ್ಟು ವೇಗದ ಸುಂಟರಗಾಳಿ ಅಪ್ಪಳಿಸಿತು. ಅಲ್ಲಿಯ ಮೇಣದಬತ್ತಿ ಕಾರ್ಖಾನೆಯ ರಾತ್ರಿಪಾಳಿಯಲ್ಲಿ ಸುಮಾರು 110 ಮಂದಿ ಇದ್ದರು. ಎಚ್ಚರಿಕೆ ಮೊದಲೇ ಬಂದಿತ್ತು. ಮನೆಗೆ ಹೊರಟರೆ ಕೆಲಸ ಹೋದೀತೆಂದು ಮೇಲಿನವರು ಹೆದರಿಸಿದರೆಂದು ಕೆಲವರು ಆಮೇಲೆ ಹೇಳಿದರು. ಕಂಪೆನಿಯು ಅದನ್ನು ಅಲ್ಲಗಳೆಯಿತು. ಕಟ್ಟಡ ನೆಲಸಮವಾಯಿತು, ಹಲವರು ಮನೆಗೆ ಮರಳಲಿಲ್ಲ.

ಇದನ್ನು ಓದಿದಾಗ ನಾನು ಗಲ್ಲದ ಮೇಲೆ ಕುಳಿತಿದ್ದ ದಿನಗಳು ನೆನಪಾದವು. ನನ್ನ ಹೋಟೇಲಿನ ಹುಡುಗರು ಮಾಳಿಗೆಯಲ್ಲಿ ತಗಡಿನ ಮಾಡಿನಡಿ ಮಲಗುತ್ತಿದ್ದರು. "ಧಣಿ, ತಗಡು ಅಲುಗುತ್ತದೆ" ಎಂದು ಕ್ಲೀನರ್ ಹುಡುಗನೊಬ್ಬ ಎರಡು ಸಲ ಹೇಳಿದ. "ನಾಳೆ ನೋಡೋಣ" ಎಂದೆ. ಮೇ ತಿಂಗಳ ಒಂದು ರಾತ್ರಿ ಗಾಳಿಗೆ ಆ ತಗಡು ಕಿತ್ತು ಗಲ್ಲಿಗೆ ಬಿತ್ತು. ಅಲ್ಲಿ ಯಾರೂ ಇರಲಿಲ್ಲ. ದೇವರು ಕಾಪಾಡಿದನೆಂದು ಹಣ್ಣುಕಾಯಿ ಮಾಡಿಸಿದೆ. ಆದರೆ ತಗಡಿಗೆ ಮೊಳೆ ಹೊಡೆಸುವುದು ದೇವರ ಕೆಲಸವಾಗಿರಲಿಲ್ಲ, ನನ್ನದಾಗಿತ್ತು.

ಧಣಿಗಳಲ್ಲಿ ಬಿನ್ನಹವಿಷ್ಟೆ. ಮಳೆಗಾಲಕ್ಕೆ ಮುಂಚೆ ಬೋರ್ಡು, ತಗಡು, ನೀರಿನ ಟಾಂಕಿಗಳನ್ನು ಬಿಗಿಗೊಳಿಸಿರಿ. ಹವಾಮಾನ ಇಲಾಖೆಯು ಮುಂದಿನ ಮೂರು ತಾಸಿನ ಬಿರುಗಾಳಿಯ ಸೂಚನೆಯನ್ನು ಹೊರಡಿಸುತ್ತದೆ. 'ಸಚೇತ್' ಎಂಬ ಸರಕಾರಿ ಆ್ಯಪಿನಲ್ಲಿ ಎಚ್ಚರಿಕೆಗಳು ಮೊಬೈಲಿಗೇ ಬರುತ್ತವೆ. ಸೂಚನೆ ಬಂದ ರಾತ್ರಿ ಹುಡುಗರನ್ನು ಕೆಳಗೆ, ಗಟ್ಟಿ ಗೋಡೆಯ ಒಳಕೋಣೆಯಲ್ಲಿ ಮಲಗಿಸಿರಿ. ದುಡಿಯುವ ತಮ್ಮಂದಿರೇ, ನೀವೂ ಸುಮ್ಮನಿರಬೇಡಿರಿ. ಎರಡು ಸಲ ಹೇಳಿದ್ದಾದರೆ ಮೂರನೆಯ ಸಲವೂ ಹೇಳಿರಿ. ಊರಿನಲ್ಲಿ ನಿಮ್ಮ ಮನಿಯಾರ್ಡರಿಗಿಂತ ನಿಮ್ಮ ದಾರಿಯನ್ನೇ ಹೆಚ್ಚಾಗಿ ಕಾಯುವವರಿದ್ದಾರೆ.