ಬೀದಿಯ ಕಲೆಯೂ ಛಾಯಾಗ್ರಾಹಕನ ಹಕ್ಕೂ

ಊರ ನಡುವೆ ನಿಂತ ಪ್ರತಿಮೆಯನ್ನು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅದರ ಛಾಯಾಚಿತ್ರವನ್ನು ಅಚ್ಚುಹಾಕಿಸಿ ಮಾರುವವನು ಶಿಲ್ಪಿಯ ಸ್ವತ್ತನ್ನು ಅಪಹರಿಸಿದಂತಾಗುವುದೇ? ಪುತ್ತೂರು, ಸುಳ್ಯ, ಕಡಬ ಸೀಮೆಯ ಛಾಯಾಗ್ರಾಹಕರಿಗೆ ಇದು ಜೀವನೋಪಾಯದ ಪ್ರಶ್ನೆ, ಕಲಾವಿದರಿಗೂ ಹಾಗೆಯೇ.

1837ರಲ್ಲಿ ಸುಳ್ಯದಿಂದ ಹೊರಟು ಮಂಗಳೂರನ್ನು ಮುಟ್ಟಿದ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯಗೌಡರ ಕಂಚಿನ ಪ್ರತಿಮೆಯು 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡಿತು. ಇಂಥ ಹೊಸ ಶಿಲ್ಪಕ್ಕೆ ಕರ್ತೃವಿನ ಜೀವಿತಕಾಲವೂ ಅನಂತರ 60 ವರ್ಷವೂ ಕೃತಿಸ್ವಾಮ್ಯವುಂಟು. ಆದರೂ 1957ರ ಕೃತಿಸ್ವಾಮ್ಯ ಶಾಸನದ 52ನೆಯ ವಿಧಿಯು, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನೆಲೆಗೊಂಡ ಶಿಲ್ಪದ ಛಾಯಾಚಿತ್ರವನ್ನು ತೆಗೆಯಲೂ ಪ್ರಕಟಿಸಲೂ ಎಡೆಗೊಟ್ಟಿದೆ. ಅದನ್ನು ಕಾರ್ಡಿನ ಮೇಲೆ ಮುದ್ರಿಸಿ ಮಾರಿದರೂ ದೋಷವಿಲ್ಲ. ಅದನ್ನೇ ನೋಡಿ ಇನ್ನೊಂದು ಪ್ರತಿಮೆಯನ್ನು ಎರಕಹೊಯ್ಯುವುದಕ್ಕೆ ಮಾತ್ರ ಈ ವಿನಾಯಿತಿ ಸಲ್ಲದು.

ಇನ್ನು ಪುತ್ತೂರಿನ ಪೇಟೆಯ ಗೋಡೆಯೊಂದರ ಮೇಲೆ ಚಿತ್ರಕಾರನೊಬ್ಬನು ವರ್ಣಚಿತ್ರವನ್ನು ಬರೆದನೆಂದು ಭಾವಿಸೋಣ. ಛಾಯಾಚಿತ್ರದ ವಿನಾಯಿತಿಯು ಶಿಲ್ಪವನ್ನೂ ಕಟ್ಟಡವನ್ನೂ ಕರಕುಶಲಕೃತಿಯನ್ನೂ ಹೇಳುವುದೇ ಹೊರತು ವರ್ಣಚಿತ್ರವನ್ನು ಹೇಳುವುದಿಲ್ಲ. ಸ್ವಂತ ಉಪಯೋಗಕ್ಕೂ, ವಿಮರ್ಶೆಗೂ, ವರ್ತಮಾನ ಸಂಗತಿಗಳ ವರದಿಗೂ ಬೇರೆ ಅವಕಾಶವುಂಟು; ಕ್ಯಾಲೆಂಡರಿನಲ್ಲಿ ಅಚ್ಚುಮಾಡಬೇಕಾದರೆ ಚಿತ್ರಕಾರನ ಅನುಮತಿ ಬೇಕು. ವಿಚಿತ್ರವೆಂದರೆ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಆ ಚಿತ್ರವನ್ನೇ ಚಲಚ್ಚಿತ್ರದಲ್ಲಿ ಸೇರಿಸಿಕೊಳ್ಳುವವನಿಗೆ ಅದೇ ವಿಧಿಯು ಸ್ವಾತಂತ್ರ್ಯವಿತ್ತಿದೆ. ಚಲಿಸುವ ಚಿತ್ರಕ್ಕೆ ದೊರೆತ ಸಲುಗೆ ನಿಶ್ಚಲ ಚಿತ್ರಕ್ಕೆ ದೊರೆಯಲಿಲ್ಲ.

ಕಡಬ ತಾಲ್ಲೂಕಿನ ಕುಕ್ಕೆ ಸುಬ್ರಹ್ಮಣ್ಯದಂತಹ ಕ್ಷೇತ್ರಗಳ ಮಾತು ಬೇರೆ. ಪ್ರಾಚೀನ ಶಿಲ್ಪಕ್ಕೆ ಕೃತಿಸ್ವಾಮ್ಯವೆಂಬುದಿಲ್ಲ. ಯಾವುದೇ ದೇವಾಲಯದ ಒಳಗೆ ಕ್ಯಾಮೆರಾ ಕೂಡದೆಂದರೆ ಅದು ಆ ಸ್ಥಳದ ಕಟ್ಟಳೆ. ಅದನ್ನು ಮನ್ನಿಸಬೇಕು, ಆದರೆ ಕಲಾವಿದನ ಹಕ್ಕಿನೊಡನೆ ಬೆರೆಸಬಾರದು.

ಛಾಯಾಗ್ರಾಹಕನೂ ಕರ್ತೃವೇ. ತಾನಾಗಿ ತೆಗೆದ ಚಿತ್ರದ ಸ್ವಾಮ್ಯವು ಅವನದು. ಬೇರೊಬ್ಬರು ಹಣಕೊಟ್ಟು ತೆಗೆಸಿದ್ದಾದರೆ, ವಿರುದ್ಧವಾದ ಕರಾರಿಲ್ಲದಿದ್ದಲ್ಲಿ, ಅದು ತೆಗೆಸಿದವರಿಗೆ ಸೇರುವುದು. ಆದಕಾರಣ ಕರಾರನ್ನು ಮೊದಲೇ ಬರೆದಿಡುವುದು ಲೇಸು.

ತನ್ನ ಚಿತ್ರವನ್ನು ಪರರು ಕೇಳದೆ ಅಚ್ಚುಹಾಕಿದಾಗ ನೋಯುವ ಛಾಯಾಗ್ರಾಹಕನು ಗೋಡೆಯ ಚಿತ್ರಕಾರನ ನೋವನ್ನೂ ಬಲ್ಲನು. ಅನುಮತಿಗೆ ಒಂದು ಕಾಗದವನ್ನು ಬರೆಯುವುದು, ಅಚ್ಚಿನ ಕೆಳಗೆ ಅವನ ಹೆಸರನ್ನು ಕಾಣಿಸುವುದು, ಇವೆರಡರಿಂದ ಬಹಳಷ್ಟು ವ್ಯಾಜ್ಯಗಳು ಹುಟ್ಟುವ ಮೊದಲೇ ತೀರುವುವು.